ಓಡಿದ ಕಾರು, ನಿಂತ ಕಾರು

ಹಳೆಯ ಕಾರು ಕೊಳ್ಳುವವರ ಪರವಾಗಿ ಕಾರನ್ನು ಪರೀಕ್ಷಿಸಿ ವರದಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಮಾರುವವರಿಗೆ ನಾನು ಬರುವುದು ಅಷ್ಟೇನೂ ಹಿಡಿಸುವುದಿಲ್ಲ. ದಳ್ಳಾಳಿಗಳ ಪಾಲಿಗಂತೂ ನಾನು ಶುಭಕಾರ್ಯದಲ್ಲಿ ಸೀನಿದವನು. ಮೊದಲೆಲ್ಲ ನನ್ನ ಕೈಗೆ ಬರುತ್ತಿದ್ದದ್ದು ಸ್ವಿಫ್ಟ್, ಸಿಟಿ, ಇನ್ನೋವಾ. ಈಚೆಗೆ ಬೆಂಗಳೂರಿನಲ್ಲಿ ಬೇರೆಯೇ ಬಗೆಯ ಗಿರಾಕಿಗಳು ಹೆಚ್ಚಿದ್ದಾರೆ. ಇರುವ ಸಣ್ಣ ಎಸ್‌ಯುವಿಯನ್ನು ಕೊಟ್ಟುಬಿಟ್ಟು, ಕೈಬದಲಾದ ವೇಗದ ಸೆಡಾನ್ ಒಂದನ್ನು ತಂದು, ಅದರಲ್ಲೇ ದಿನಾ ಕೆಲಸಕ್ಕೆ ಹೋಗಿಬರುತ್ತೇವೆ ಎನ್ನುವವರು. ಶೋಕಿಗೆಂದು ಎರಡನೆಯ ಕಾರು ಇಟ್ಟುಕೊಳ್ಳುವವರ ಮಾತಲ್ಲ ಇದು. ಕಚೇರಿಗೂ ಅದೇ, ತರಕಾರಿಗೂ ಅದೇ, ಹಬ್ಬಕ್ಕೆ ಊರಿಗೂ ಅದೇ.

ಇವರಲ್ಲಿ ಹೆಚ್ಚಿನವರ ಕಣ್ಣು ಬೀಳುವುದು ಸ್ಕೋಡಾ ಆಕ್ಟೇವಿಯಾದ ವೇಗದ ಆವೃತ್ತಿಯಾದ ಆರ್‌ಎಸ್ ಮೇಲೆ. ಅದಕ್ಕೆ ಕಾರಣವಿದೆ. 2004ರಲ್ಲಿ ಮೊದಲ ಆರ್‌ಎಸ್ ನಮ್ಮ ದೇಶಕ್ಕೆ ಬಂದಾಗ ಅದರ 1.8 ಲೀಟರ್ ಟರ್ಬೊ ಎಂಜಿನ್ 150 ಅಶ್ವಶಕ್ತಿ ಕೊಡುತ್ತಿತ್ತು. ಆಗಿನ ಕಾಲಕ್ಕೆ ಅದು ದೊಡ್ಡ ಸುದ್ದಿ. 2017ರಲ್ಲಿ ಆರ್‌ಎಸ್ 230 ಬಂತು: ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಅಶ್ವಶಕ್ತಿ, ಎರಡು ಕ್ಲಚ್ಚಿನಿಂದ ತಾನೇ ಗೇರು ಬದಲಿಸಿಕೊಳ್ಳುವ ಆರು ಗೇರಿನ ಡಿಎಸ್‌ಜಿ ಗೇರ್ ಬಾಕ್ಸ್, ಷೋರೂಮ್ ಬೆಲೆ 24.62 ಲಕ್ಷ ರೂಪಾಯಿ. 2020ರ ಆರ್‌ಎಸ್ 245 ಇಡೀ ದೇಶಕ್ಕೆ 200 ಮಾತ್ರ. 2025ರ ಅಕ್ಟೋಬರ್‌ನಲ್ಲಿ ಬಂದದ್ದು ಬರೀ 100, ಒಂದೊಂದಕ್ಕೂ 49.99 ಲಕ್ಷ. ಹೀಗಾಗಿ ಹಳೆಯ 230 ಇಂದಿಗೂ ಬೆಲೆ ಬಿಟ್ಟುಕೊಟ್ಟಿಲ್ಲ, ಅದನ್ನು ಮಾರುವವರಂತೂ ಬಿಗುಮಾನ ಬಿಟ್ಟಿಲ್ಲ. ನೋಡುವುದಕ್ಕೆ ಮಾತ್ರ ಅದು ಯಾವುದೋ ಕಂಪನಿಯ ಅಧಿಕಾರಿ ಓಡಾಡುವ ಸಾಧಾರಣ ಕಾರು. ಹಿಂಬದಿಯ ಗಾಜಿನ ಸಮೇತ ಡಿಕ್ಕಿ ತೆರೆದರೆ 590 ಲೀಟರ್ ಜಾಗ. ನಾಲ್ಕು ಜನ ದೊಡ್ಡವರು ಮೊಣಕಾಲು ಚಾಚಿ ಕೂರಬಹುದು. ದಿನನಿತ್ಯದ ಕಾರು ಎನ್ನುವ ಆಸೆ ತೀರಾ ಹುಚ್ಚಿನದೇನಲ್ಲ.

ಗಿರಾಕಿಗಳು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ‘ಸಾರ್, ಹಿಂದಿನವರು ಇದನ್ನು ಜೋರಾಗಿ ಓಡಿಸಿದ್ದಾರಾ, ಅದನ್ನು ಕಂಡುಹಿಡಿಯಿರಿ.’ ನಾನು ಹುಡುಕುವುದೇ ಬೇರೆ. ಹಿಂದಿನವರು ಇದನ್ನು ಎಷ್ಟು ನಿಧಾನವಾಗಿ ಓಡಿಸಿದ್ದಾರೆ?

ಇದು ನನಗೆ ಮನದಟ್ಟಾದದ್ದು ಒಬ್ಬ ವೈದ್ಯೆಯ ಕೆಲಸದಲ್ಲಿ. ಅವರ ಮನೆ ರಾಜಾಜಿನಗರ, ಆಸ್ಪತ್ರೆ ತುಮಕೂರು. ಅರಿವಳಿಕೆ ತಜ್ಞೆ, ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ. ‘ನೆಲಮಂಗಲ ದಾಟಿದ ಮೇಲೆ ಲಾರಿಯ ಪಕ್ಕದಲ್ಲೇ ಅಷ್ಟು ಹೊತ್ತು ತೂಗಾಡಿಕೊಂಡು ಹಿಂದಿಕ್ಕುವುದು ನನಗೆ ಸಾಕಾಗಿದೆ. ಒತ್ತಿದ ಕೂಡಲೇ ಮುಂದೆ ಹೋಗುವ ಕಾರು ಬೇಕು, ಬ್ರೇಕು ಚೆನ್ನಾಗಿರಬೇಕು, ರಿಪೇರಿಗೆ ನಿಲ್ಲಬಾರದು’ ಎಂದರು. ಮೂರನೆಯದಕ್ಕೆ ಯಾರೂ ಮಾತು ಕೊಡಲಾಗದು, ಉಳಿದೆರಡಕ್ಕೆ ಅಡ್ಡಿಯಿಲ್ಲ ಎಂದೆ.

ಅವರು ಆರಿಸಿಟ್ಟಿದ್ದು ಎರಡು ಆರ್‌ಎಸ್ 230. ಒಂದು ಕೋರಮಂಗಲದ್ದು, ಕೆಎ 01 ನೋಂದಣಿ, 32,000 ಕಿ.ಮೀ. ಓಡಿದ್ದು. ಮೈಗೆ ಸೆರಾಮಿಕ್ ಲೇಪ, ಒಳಗೆ ಹೊಸ ಕಾರಿನ ವಾಸನೆ. ಇನ್ನೊಂದು ಚಿಕ್ಕಮಗಳೂರಿನ ಕಾಫಿ ಬೆಳೆಗಾರರದ್ದು, ಕೆಎ 18, 88,000 ಕಿ.ಮೀ. ಬಾನೆಟ್ಟಿನ ಮುಂಭಾಗವೆಲ್ಲ ಕಲ್ಲು ಸಿಡಿದು ಚುಕ್ಕೆ ಚುಕ್ಕೆ. ಚಾಲಕನ ಆಸನದ ಬಲತುದಿ ಸವೆದು ಹೊಳೆಯುತ್ತಿತ್ತು. ವೈದ್ಯೆ ಮನಸ್ಸಿನಲ್ಲೇ ಮೊದಲನೆಯದಕ್ಕೆ ಮುಂಗಡ ಕೊಟ್ಟಾಗಿತ್ತು. ಎರಡನೆಯದನ್ನು ನೋಡಿಸಿದ್ದು ಚೌಕಾಸಿಗೆ ಅನುಕೂಲವಾಗಲಿ ಎಂದು.

ಈ ಕಾರುಗಳ ಮೀಟರಿನ ನಡುವಿನ ಪರದೆಯಲ್ಲಿ ‘ದೀರ್ಘಾವಧಿ’ ಎಂಬ ಒಂದು ಲೆಕ್ಕ ಸಿಗುತ್ತದೆ. ಒಂದು ಪಯಣದ್ದಲ್ಲ, ಹಲವಾರು ಗಂಟೆಗಳ ಓಟವನ್ನು ಒಟ್ಟುಗೂಡಿಸಿದ್ದು: ದೂರ, ಹೊತ್ತು, ಇಂಧನ, ಸರಾಸರಿ ವೇಗ. ಮಾರುವ ಮುನ್ನ ಜನ ಸೀಟು ತೊಳೆಸುತ್ತಾರೆ, ಟೈರಿಗೆ ಕಪ್ಪು ಬಳಿಯುತ್ತಾರೆ. ಇದನ್ನು ಅಳಿಸುವುದು ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಕೋರಮಂಗಲದ ಕಾರಿನಲ್ಲಿ ಸರಾಸರಿ ವೇಗ ಗಂಟೆಗೆ 17 ಕಿ.ಮೀ. ಎಂದಿತ್ತು. ಚಿಕ್ಕಮಗಳೂರಿನದರಲ್ಲಿ 52.

ಜೇಬಿನಿಂದ ಪೆನ್ನು ತೆಗೆದು ವರದಿಯ ಬೆನ್ನಿಗೇ ಲೆಕ್ಕ ಹಾಕಿ ತೋರಿಸಿದೆ. 32,000ವನ್ನು 17ರಿಂದ ಭಾಗಿಸಿದರೆ ಎಂಜಿನ್ ಉರಿದದ್ದು ಸುಮಾರು 1,880 ಗಂಟೆ. 88,000ವನ್ನು 52ರಿಂದ ಭಾಗಿಸಿದರೆ ಸುಮಾರು 1,690 ಗಂಟೆ. ಒರಟು ಲೆಕ್ಕವೇ ಸರಿ. ಪರದೆ ತೋರಿಸುವುದು ಈಚಿನ ಓಟದ ಸರಾಸರಿಯನ್ನು, ಕಾರಿನ ಇಡೀ ಜಾತಕವನ್ನಲ್ಲ. ಆದರೂ ‘ಕಡಿಮೆ ಓಡಿದ’ ಕಾರಿನ ಎಂಜಿನ್ನೇ ಹೆಚ್ಚು ಹೊತ್ತು ದುಡಿದಿದೆ ಎಂಬುದು ಕಣ್ಣಿಗೆ ರಾಚುವಂತಿತ್ತು. ಸರ್ವಿಸು 15,000 ಕಿ.ಮೀ.ಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು ಎಂಬುದು ನಿಯಮ. ಕೋರಮಂಗಲದ ಮಾಲೀಕರು ಕಿಲೋಮೀಟರ್ ಮಾತ್ರ ನೋಡಿ ಎರಡೇ ಸಲ ಆಯಿಲ್ ಬದಲಾಯಿಸಿದ್ದರು. ಅಂದರೆ ಒಂದು ಭರ್ತಿ ಆಯಿಲ್ ಸುಮಾರು 880 ಗಂಟೆ ಬೆಂದಿದೆ. ಬೆಳೆಗಾರರ ಕಾರಿನಲ್ಲಿ ಅದೇ 15,000 ಕಿ.ಮೀ.ಗೆ ಮುನ್ನೂರು ಗಂಟೆಯೂ ಆಗುವುದಿಲ್ಲ.

ಬೆಂಗಳೂರಿನವರಿಗೆ 17 ಎಂಬ ಸಂಖ್ಯೆ ಹೊಸದಲ್ಲ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದಲ್ಲಿ ನಮ್ಮ ನಗರದ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಜಗತ್ತಿಗೇ ಎರಡನೆಯ ಸ್ಥಾನ. ಗಂಟೆಗೆ ಇಪ್ಪತ್ತು ಕಿಲೋಮೀಟರ್! ಟರ್ಬೊ ಎಂಜಿನ್ನಿಗೆ ಎದುರುಗಾಳಿ ಬೇಕು. ಇಲ್ಲಿ ಅದಕ್ಕೆ ಸಿಗುವುದು ಮುಂದಿನ ಬಿಎಂಟಿಸಿ ಬಸ್ಸಿನ ಬಿಸಿಯುಸಿರು. ಬಾನೆಟ್ಟಿನೊಳಗಿನ ಪ್ಲಾಸ್ಟಿಕ್ಕು, ರಬ್ಬರು, ಕೊಳವೆಗಳು ಬೇಯುತ್ತವೆ. ಡಿಎಸ್‌ಜಿಯ ಕ್ಲಚ್ಚು ಮುಕ್ಕಾಲು ಪಾಲು ಹೊತ್ತು ಅರೆ ಹಿಡಿದು ಅರೆ ಬಿಟ್ಟು ಜಾರುತ್ತಲೇ ಇರುತ್ತದೆ. ಪುಣ್ಯಕ್ಕೆ ಈ ಆರು ಗೇರಿನ ಪೆಟ್ಟಿಗೆಯಲ್ಲಿ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿವೆ. ಏಳು ಗೇರಿನ ಒಣ ಕ್ಲಚ್ಚಿನ ಜಾತಿಗಿಂತ ಶಾಖ ತಾಳುತ್ತವೆ. ಆದರೆ ಆ ಎಣ್ಣೆಯನ್ನು 60,000 ಕಿ.ಮೀ.ಗೆ ಬದಲಾಯಿಸಲೇಬೇಕು.

ಟಾರ್ಚು ಹಿಡಿದು ಕೋರಮಂಗಲದ ಕಾರಿನ ಎಂಜಿನ್ನಿನ ಸಂದಿಗೆ ಇಣುಕಿದೆ. ಗಾಳಿ ಒಳಹೋಗುವ ಮ್ಯಾನಿಫೋಲ್ಡಿನ ಅಡಿಯಲ್ಲಿ ಥರ್ಮೋಸ್ಟಾಟ್ ಮತ್ತು ನೀರಿನ ಪಂಪು ಕೂತಿರುವ ಪ್ಲಾಸ್ಟಿಕ್ ಗೂಡು ಇದೆ. ಈ ಎಂಜಿನ್ ವಂಶದಲ್ಲಿ ಅದು ಸೋರುವುದು ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ ಸಂಗತಿ. ಗೂಡಿನ ಅಂಚಿನಲ್ಲಿ ತಿಳಿಗುಲಾಬಿ ಬಣ್ಣದ ಹುಡಿ ಒಣಗಿ ಅಂಟಿತ್ತು. ಎಂಜಿನ್ ತಣಿಸುವ ಕೂಲೆಂಟ್ ಸೋರಿ, ಬಿಸಿಗೆ ನೀರು ಆರಿಹೋದರೆ ಉಳಿಯುವ ಗುರುತು ಅದು. ಮೇಲಿನ ಡಬ್ಬಿ ಮಾತ್ರ ಗೆರೆಯವರೆಗೆ ತುಂಬಿತ್ತು, ಮುಚ್ಚಳದ ಸುತ್ತ ಇನ್ನೂ ಹಸಿ. ‘ಕೂಲೆಂಟ್ ಯಾವಾಗ ಹಾಕಿಸಿದಿರಿ ಸಾರ್?’ ಎಂದೆ. ಮಾಲೀಕರು ಮೊಬೈಲ್ ನೋಡತೊಡಗಿದರು. ಆಮೇಲೆ ಅವರದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಟ್ಟದಷ್ಟು ಮೆಲ್ಲಗೆ ಹತ್ತಿಸಿದೆ. ಸ್ಟೀರಿಂಗಿನಲ್ಲಿ ಸಣ್ಣ ಅದುರು, ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಒಂದು ಜಗ್ಗು. ಹೆದ್ದಾರಿಯಲ್ಲಿ ಓಡಿಸಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಮಾರುವವರು ಪರೀಕ್ಷಾ ಸವಾರಿಗೆ ಯಾವಾಗಲೂ ಖಾಲಿ ರಸ್ತೆಗೇ ಕರೆದೊಯ್ಯುತ್ತಾರೆ; ಅಲ್ಲಿ ಕಾರು ಚಿಮ್ಮಿದ ರಭಸಕ್ಕೆ ಕೊಳ್ಳುವವರ ವಿವೇಕ ಹಿಂದೆ ಉಳಿದಿರುತ್ತದೆ.

ಚಿಕ್ಕಮಗಳೂರಿನ ಕಾರಿಗೂ ನಾನೇನು ಆರತಿ ಎತ್ತಲಿಲ್ಲ. ಎಡಬದಿಯ ಹಿಂಬಾಗಿಲಿನ ಮೇಲೆ ಮಾಪಕ ಇಟ್ಟರೆ ಬಣ್ಣದ ದಪ್ಪ 260 ಮೈಕ್ರಾನ್, ಉಳಿದೆಡೆ 120. ಮತ್ತೆ ಬಣ್ಣ ಬಳಿದ ಬಾಗಿಲು. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಶ್ಶುಗಳು ಹರಿದಿದ್ದವು. ಟೈರಿನ ಪಕ್ಕದ ನಾಲ್ಕಂಕಿಯ ಗುರುತು 2319, ಎಂದರೆ 2019ರ 23ನೆಯ ವಾರದ ತಯಾರಿಕೆ; ಟೈರಿನ ಹಲ್ಲು ಇನ್ನೂ ಉಳಿದಿದ್ದರೂ ರಬ್ಬರು ಗಡುಸಾಗಿತ್ತು. ಬೆಳೆಗಾರರು ಒಂದು ಪ್ಲಾಸ್ಟಿಕ್ ಚೀಲ ತಂದು ಟೀಪಾಯಿಯ ಮೇಲಿಟ್ಟು, ‘ನೋಡಪ್ಪಾ, ಎಲ್ಲ ಇದರಲ್ಲಿದೆ. ತೋಟದೊಳಗೆ ಜೀಪು. ಇದನ್ನು ನಾನು ತೆಗೆಯುವುದು ಬೆಂಗಳೂರಿಗೆ ಹೊರಟರೆ ಮಾತ್ರ’ ಎಂದರು. ಚೀಲದಲ್ಲಿ ವರ್ಷವರ್ಷದ ಸರ್ವಿಸು ಬಿಲ್ಲುಗಳಿದ್ದವು. 61,000ದಲ್ಲಿ ಗೇರ್ ಬಾಕ್ಸ್ ಎಣ್ಣೆ ಬದಲಾಯಿಸಿದ ಐದಂಕಿಯ ಬಿಲ್ಲು ಬೇರೆಯೇ ಪಿನ್ನು ಹಾಕಿಟ್ಟಿತ್ತು. ಹಾಸನ, ಕುಣಿಗಲ್ ದಾರಿಯಲ್ಲಿ ಒಂದೇ ಉಸಿರಿಗೆ ಸುಮಾರು 240 ಕಿ.ಮೀ. ಓಡಿ, ಎಂಜಿನ್ ಹದವಾಗಿ ಬಿಸಿಯಾಗಿ, ಎತ್ತರದ ಗೇರಿನಲ್ಲಿ ಕ್ಲಚ್ಚು ಗಟ್ಟಿ ಹಿಡಿದು ಸಾಗಿದ ಕಾರು ಅದು. ಇಂಥ ಎಂಜಿನ್ನನ್ನು ಮಾಡಿರುವುದೇ ಆ ಕೆಲಸಕ್ಕೆ.

ಬುಶ್ಶು, ನಾಲ್ಕು ಟೈರು, ಆಯಿಲ್ಲು, ಒಂದಷ್ಟು ಸಣ್ಣಪುಟ್ಟದ್ದು ಸೇರಿ ಲಕ್ಷದ ಆಸುಪಾಸು ಖರ್ಚು ಬರುತ್ತದೆ ಎಂದು ಬರೆದುಕೊಟ್ಟೆ. ಈ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ಕಾರು ಹಳೆಯದಾಯಿತೆಂದು ಅದರ ಬಿಡಿಭಾಗ ಅಗ್ಗವಾಗುವುದಿಲ್ಲ. ಹೆಡ್‌ಲೈಟ್ ಒಡೆದರೆ ಕೇಳುವುದು 25 ಲಕ್ಷದ ಕಾರಿನ ಹೆಡ್‌ಲೈಟಿನ ಬೆಲೆಯನ್ನೇ. ಜೆ.ಸಿ. ರಸ್ತೆಯಲ್ಲಿ ಕೆಲವು ಭಾಗ ಸಿಗುತ್ತವೆ, ಶಿವಾಜಿನಗರದಲ್ಲಿ ಅದೃಷ್ಟವಿದ್ದರೆ ಇನ್ನು ಕೆಲವು. ಆರ್‌ಎಸ್‌ಗೇ ಮೀಸಲಾದ ಬಂಪರು, ಬ್ರೇಕುಗಳಿಗೆ ತರಿಸುವ ತನಕ ಕಾಯಬೇಕು. ಕೊಳ್ಳುವ ದಿನವೇ ಒಂದಷ್ಟು ಹಣ ಬದಿಗಿಡಲಾಗದವರು ಈ ದಾರಿಗೆ ಬರದಿರುವುದೇ ಲೇಸು.

ಟ್ಯೂನಿಂಗ್ ಬಗ್ಗೆಯೂ ಒಂದು ಮಾತು. ಸಾಫ್ಟ್‌ವೇರ್ ತಿದ್ದಿ ಅಶ್ವಶಕ್ತಿ ಏರಿಸಿದವರು ಮಾರುವ ಮುಂಚೆ ಮೂಲದ ಸಾಫ್ಟ್‌ವೇರನ್ನೇ ತಿರುಗಿ ಹಾಕಿಸುತ್ತಾರೆ. ಸ್ಕ್ಯಾನರಿನಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ನಾನು ಬೋಲ್ಟುಗಳನ್ನು ನೋಡುತ್ತೇನೆ. ಟರ್ಬೊದಿಂದ ಕೆಳಗಿಳಿಯುವ ಹೊಗೆಕೊಳವೆಯ ಸುತ್ತ ಎಲ್ಲ ಬೋಲ್ಟುಗಳೂ ತುಕ್ಕಿನ ಬಣ್ಣಕ್ಕೆ ತಿರುಗಿ ಎರಡು ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅಲ್ಲಿ ಸ್ಪ್ಯಾನರು ಆಡಿದೆ ಎಂದರ್ಥ. ಹಾಗೆಯೇ ಮುಳುಗಿದ ಕಾರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ಕಾರುಗಳು ನೀರಿನಲ್ಲಿ ನಿಂತದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ಕಂಡಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸೀಟು ತೊಳೆಸಿದವರು ಬೆಲ್ಟಿನ ಸುರುಳಿಯೊಳಗಿನ ಕೆಸರಿನ ಗೆರೆಯನ್ನು ಮರೆತಿರುತ್ತಾರೆ.

ಕಾಗದಪತ್ರದಲ್ಲಿ ಕೆಎ 18ರ ಕಾರಿಗೆ ತೊಡಕಿರಲಿಲ್ಲ. ನಮೂನೆ 29, 30 ತುಂಬಿ ಮಾಲೀಕತ್ವ ವರ್ಗಾಯಿಸಿದರಾಯಿತು. ದೆಹಲಿಯ ಕಾರು ಎರಡು ಲಕ್ಷ ಕಡಿಮೆಗೆ ಸಿಗುತ್ತದೆಂದು ಓಡುವವರು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮರೆಯಬಾರದು. 20 ಲಕ್ಷ ಮೀರಿದ ಕಾರಿಗೆ ಹೊಸದಾಗಿದ್ದರೆ 18 ಶೇಕಡ, ಮೇಲೆ ಸೆಸ್. ವಯಸ್ಸಾದಂತೆ ಇಳಿದರೂ ಆ ಎರಡು ಲಕ್ಷ ಅಲ್ಲಿಗೇ ಸರಿಹೋಗುತ್ತದೆ. ವಿಮೆಯ ನೋ ಕ್ಲೇಮ್ ರಿಯಾಯಿತಿ ಮಾರಿದವರ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ.

ವೈದ್ಯೆ ಮುಂಗಡ ಕೊಡುವ ಮುನ್ನ ನಾನೊಂದು ಷರತ್ತು ಹಾಕಿದೆ: ಕಾರು ಒಮ್ಮೆ ರಾಜಾಜಿನಗರಕ್ಕೆ ಬರಬೇಕು. ಅವರ ಮನೆಯ ನೆಲಮಾಳಿಗೆಯ ಇಳಿಜಾರು ಕೆಳಗೆ ತಲುಪುವಲ್ಲಿ ಚೂಪಾಗಿ ತಿರುಗುತ್ತದೆ. ಆರ್‌ಎಸ್ ಸಾಮಾನ್ಯ ಆಕ್ಟೇವಿಯಾಗಿಂತ ತಗ್ಗು, ಮೂತಿ ಉದ್ದ. ನೇರವಾಗಿ ಇಳಿಸಿದಾಗ ಕೆಳತುಟಿ ಕರ್ ಎಂದು ಕೆರೆಯಿತು. ಓರೆಯಾಗಿ ಇಳಿಸಿದಾಗ ಒಂದು ಬೆರಳಿನಷ್ಟು ಬಿಡುವು ಸಿಕ್ಕಿತು. ಅವರ ಬೀದಿಯ ಉಬ್ಬುಗಳದ್ದೂ ಅದೇ ಕಥೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಉದ್ದ ಇರಬೇಕು. ನಮ್ಮ ಬಡಾವಣೆಗಳಲ್ಲಿ ಎತ್ತರ ಉದಾರ, ಉದ್ದದಲ್ಲಿ ಜುಗ್ಗತನ. ಅಂದಿನಿಂದ ನನ್ನ ಪರೀಕ್ಷೆಯ ಕೊನೆಯ ಅರ್ಧ ಗಂಟೆ ಕೊಳ್ಳುವವರ ಮನೆಯ ಬಾಗಿಲಲ್ಲೇ ನಡೆಯುತ್ತದೆ. ಮಾರುವವರು ಗೊಣಗುತ್ತಾರೆ. ಗೊಣಗಲಿ.

ವೈದ್ಯೆ ಬೆಳೆಗಾರರ ಕಾರನ್ನೇ ಕೊಂಡರು. ತುಮಕೂರು ರಸ್ತೆಯಲ್ಲಿ ಲೀಟರಿಗೆ 14 ಕಿ.ಮೀ.ವರೆಗೆ ಸಿಗುತ್ತದೆ, ನಗರದೊಳಗೆ ಎಂಟೊಂಬತ್ತಕ್ಕೆ ಇಳಿಯುತ್ತದೆ ಎಂದು ಲೆಕ್ಕ ಒಪ್ಪಿಸಿದರು. ಬ್ರೇಕಿನ ಬಗ್ಗೆ ಮಾತ್ರ ಹೊಗಳಿಕೆ ಮುಗಿಯುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಮನೆ ಎಚ್‌ಎಸ್‌ಆರ್ ಬಡಾವಣೆ, ಕಚೇರಿ ಬೆಳ್ಳಂದೂರು. ‘ಅಣ್ಣಾ, ನನಗೂ ಆರ್‌ಎಸ್ ಬೇಕು, ದಿನಾ ಓಡಿಸುವುದಕ್ಕೆ’ ಎಂದ. ಆ ದಾರಿಗೆ ಸ್ಕೂಟರು ಸಾಕು, ಕಾರೇ ಬೇಕೆಂದರೆ ವಿದ್ಯುತ್ ಕಾರು ತೆಗೆದುಕೊಳ್ಳಪ್ಪಾ ಎಂದೆ. ಮುಖ ಬಾಡಿತು. ಎರಡನೆಯ ಸಲವೂ ಅದೇ ಮಾತು ಎತ್ತಿದಾಗ ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಮೀಟರು ಎಷ್ಟೇ ತೋರಿಸಲಿ ಆರು ತಿಂಗಳಿಗೊಮ್ಮೆ ಆಯಿಲ್, ಗೇರ್ ಬಾಕ್ಸ್ ಎಣ್ಣೆ 40,000ಕ್ಕೇ, ಸಿಗ್ನಲ್ಲಿನಲ್ಲಿ ಇಂಚಿಂಚು ತೆವಳದೆ ಮುಂದೆ ಒಂದು ಕಾರಿನಷ್ಟು ಜಾಗ ಬಿಟ್ಟು ಆಮೇಲೆ ಹೊರಡುವುದು, ಭಾನುವಾರ ಬೆಳಿಗ್ಗೆ ಹೊಸಕೋಟೆಯಾಚೆ ಒಂದು ಗಂಟೆ ಓಟ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕೋರಮಂಗಲದ ಆ ಕಾರು ಇನ್ನೂ ಮಾರಾಟಕ್ಕಿದೆಯೇ ಎಂದು ಕೇಳಿದ.