ಪುಣೆಯ ವಾಡೆಗಳು: ಶನಿವಾರವಾಡೆಯನ್ನು ಕೊನೆಗಿಡಿ

ಊರಿನಿಂದ ಪುಣೆಗೆ ಬಂದವರು ಮೊದಲು ಓಡುವುದು ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಗೆ. ಅರ್ಧ ಗಂಟೆಯಲ್ಲಿ ಹೊರಬಂದು "ಒಳಗೆ ಏನೂ ಇಲ್ಲವಲ್ಲ" ಅನ್ನುತ್ತಾರೆ. ಪೇಶ್ವೆ ಕಾಲದ ವಾಡೆಗೆ, ಅಂದರೆ ಅಂಗಳವಿರುವ ದೊಡ್ಡ ಮನೆಗೆ, ತಳ ಕಲ್ಲಿನದು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ತೇಗದವು. ಶನಿವಾರವಾಡೆಯಲ್ಲಿ 1828ರ ಬೆಂಕಿ ಮರವನ್ನೆಲ್ಲ ನುಂಗಿತು. ಉಳಿದದ್ದು ಕೋಟೆಗೋಡೆ, ಬಾಗಿಲುಗಳು, ಅಡಿಪಾಯ, ಕಮಲದಾಕಾರದ ಕಾರಂಜಿಯ ಹೊಂಡ. ಆದ್ದರಿಂದ ಗಟ್ಟಿಯಾಗಿ ನಿಂತಿರುವ ವಾಡೆಯೊಂದನ್ನು ಮೊದಲು ನೋಡಿ. ಆಮೇಲೆ ಆ ಬರಿಯ ಅಡಿಪಾಯದ ಮೇಲೆ ಏನಿದ್ದಿರಬಹುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸಿನಲ್ಲಿ ಸ್ವಾರ್‌ಗೇಟ್‌ಗೆ ಬಂದಿಳಿದರೆ ಮೆಟ್ರೊ ಅಲ್ಲೇ ಸಿಗುತ್ತದೆ. ಮುಂದಿನ ನಿಲ್ದಾಣವೇ ಮಂಡಯಿ. ಅಲ್ಲಿಂದ ಇಡೀ ದಿನ ಕಾಲ್ನಡಿಗೆಯೇ ಲೇಸು. ಬಾಜಿರಾವ್ ರಸ್ತೆ ಸ್ವಾರ್‌ಗೇಟ್ ಕಡೆಗೆ ಮಾತ್ರ ಏಕಮುಖ, ಶಿವಾಜಿ ರಸ್ತೆ ಅದರ ಉಲ್ಟಾ. ನಡೆದರೆ ಹತ್ತು ನಿಮಿಷದ ದಾರಿಗೆ ಆಟೊ ಸುತ್ತು ಹಾಕಿಯೇ ಬರಬೇಕು, ಮೀಟರ್ ಸುಮ್ಮನೆ ಏರುತ್ತದೆ.

ಮೊದಲು ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ, ಶಾಲೆಯ ಮಕ್ಕಳ ತಂಡಗಳು ಬರುವ ಮುಂಚೆ ಇಕ್ಕಟ್ಟಾದ ಕೋಣೆಗಳಲ್ಲಿ ನಿಂತು ನೋಡಲು ಜಾಗ ಇರುತ್ತದೆ. ದಿನಕರ ಕೇಳಕರರು ಒಬ್ಬರೇ ಹಳ್ಳಿ ಹಳ್ಳಿ ಅಲೆದು ಕೂಡಿಸಿದ ಸಂಗ್ರಹವಿದು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಇದಕ್ಕೆ ಇಟ್ಟರು. ದೀಪಗಳು, ಬೀಗಗಳು, ಕೆತ್ತನೆಯ ಬಾಗಿಲುಗಳು, ವಾದ್ಯಗಳು, ಮತ್ತೆ ನೂರು ಬಗೆಯ ಅಡಕತ್ತರಿಗಳು. ಮರಾಠಿಯಲ್ಲಿ ಅದು ಅಡಕಿತ್ತಾ. ಹೆಸರು ಓದುತ್ತಲೇ ನಮ್ಮವರ ಮುಖ ಅರಳುತ್ತದೆ. ಕೋಥರೂಡ್‌ನಿಂದ ಬಿಚ್ಚಿ ತಂದು ಮರುಜೋಡಿಸಿದ ಮಸ್ತಾನಿ ಮಹಲನ್ನು ನೋಡಲು ಎಲ್ಲರೂ ಧಾವಿಸುತ್ತಾರೆ, ಆದರೆ ಅಡುಗೆ ಪಾತ್ರೆಗಳ ವಿಭಾಗ ಅದಕ್ಕಿಂತ ಹೆಚ್ಚು ಕಲಿಸುತ್ತದೆ. ಎರಡು ಗಂಟೆಗಿಂತ ಕಡಿಮೆ ಕೊಟ್ಟರೆ ಮೇಲಿನ ಮಹಡಿಗಳು ಉಳಿದೇಹೋಗುತ್ತವೆ.

ಅಲ್ಲಿಂದ ಬಾಜಿರಾವ್ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ವಿಶ್ರಾಮಬಾಗ್ ವಾಡೆ. ಕೊನೆಯ ಪೇಶ್ವೆ ಎರಡನೇ ಬಾಜಿರಾಯ ಕಟ್ಟಿಸಿದ್ದು. ಇಲ್ಲಿ ಕಂಬಗಳನ್ನು ಬುಡದಿಂದ ತುದಿಯವರೆಗೆ ನೋಡಿ: ಮೇಲ್ಗಡೆ ಬಾಳೆಯ ಹೂವಿನ ಕೆತ್ತನೆ, ಅದರ ಮೇಲೆ ತೊಲೆ, ಮುಂದಕ್ಕೆ ಚಾಚಿದ ಮರದ ಮೊಗಸಾಲೆ. ನಡುವಿನ ಚೌಕ ನಮ್ಮ ತೊಟ್ಟಿಮನೆಯ ಅಂಗಳದ ನೆನಪು ತರುತ್ತದೆ. 1821ರಲ್ಲಿ ಇಲ್ಲಿ ಶುರುವಾದ ಸಂಸ್ಕೃತ ಪಾಠಶಾಲೆಯೇ ಮುಂದೆ ಡೆಕ್ಕನ್ ಕಾಲೇಜಾಯಿತು. ಪುಣೆ ಕಾಲೇಜುಗಳ ಊರಾದದ್ದರ ಬೇರು ಈ ಚೌಕದಲ್ಲಿದೆ.

ಊಟ ಮುಗಿಸಿ ನಾರಾಯಣ ಪೇಠದ ಕೇಸರಿ ವಾಡೆಗೆ ಹೋಗಿ. ಟಿಳಕರ ಮನೆ, ಅವರ ಕೇಸರಿ ಪತ್ರಿಕೆಯ ಕಚೇರಿ ಎರಡೂ ಇದೇ. ಗಣೇಶೋತ್ಸವದಲ್ಲಿ ಇಲ್ಲಿನ ಗಣಪತಿ ಐದು ಮಾನಾಚಿ ಗಣಪತಿಗಳಲ್ಲಿ, ಅಂದರೆ ಮೊದಲ ಗೌರವ ಪಡೆಯುವ ಗಣಪತಿಗಳಲ್ಲಿ, ಒಂದು. ಆ ಹತ್ತು ದಿನ ಪೇಠಗಳ ರಸ್ತೆಗಳು ಜನರಿಂದ ಕಿಕ್ಕಿರಿಯುತ್ತವೆ, ವಸ್ತುಸಂಗ್ರಹಾಲಯ ನೋಡುವ ಉದ್ದೇಶವಿದ್ದರೆ ಆಗ ಬರಬೇಡಿ. ಬಿಸಿಲು ಇಳಿದ ಮೇಲೆ ಶನಿವಾರವಾಡೆ. ಒಳಗೆ ನೆರಳು ಕಡಿಮೆ, ಮಧ್ಯಾಹ್ನ ಕಲ್ಲು ಕಾಯುತ್ತದೆ. ಅದರ ಮುಖ್ಯ ದ್ವಾರವಾದ ದಿಲ್ಲಿ ಬಾಗಿಲಿನ ಉಕ್ಕಿನ ಮೊಳೆಗಳು ಆನೆ ಗುದ್ದದಿರಲೆಂದು.

ಎರಡನೇ ದಿನ ಮಹಾತ್ಮಾ ಫುಲೆ ಪೇಠದ ಫುಲೆ ವಾಡೆ. ಅರಮನೆಗಳನ್ನು ನೋಡಿ ಬಂದವರಿಗೆ ಪುಟ್ಟದೆನಿಸಬಹುದು. ಇಲ್ಲಿನ ನೀರಿನ ತೊಟ್ಟಿಯನ್ನು ಜೋತಿಬಾ ಫುಲೆ 1868ರಲ್ಲಿ ಅಸ್ಪೃಶ್ಯರೆಂದು ದೂರವಿಟ್ಟವರಿಗೆ ತೆರೆದರು. ಪುಣೆಯಲ್ಲಿ ಒಂದೇ ಮನೆ ನೋಡಲು ಸಮಯವಿದ್ದರೆ ಇದನ್ನೇ ನೋಡಿ. 1848ರ ಹೆಣ್ಣುಮಕ್ಕಳ ಶಾಲೆ ನಡೆದ ಭಿಡೆ ವಾಡೆಯನ್ನು ಹುಡುಕಿ ಹೋಗುವವರಿಗೆ ಒಂದು ಮಾತು: ಹಳೆಯ ಕಟ್ಟಡವನ್ನು ಸ್ಮಾರಕಕ್ಕಾಗಿ 2023ರಲ್ಲಿ ಕೆಡವಲಾಗಿದೆ.

ಅಲ್ಲಿಂದ ಮೆಟ್ರೊ ಹಿಡಿದು ಸಿವಿಲ್ ಕೋರ್ಟ್ (ಈಗ ಡಿಸ್ಟ್ರಿಕ್ಟ್ ಕೋರ್ಟ್) ನಿಲ್ದಾಣದಲ್ಲಿ ಗಾಡಿ ಬದಲಿಸಿ ಕಲ್ಯಾಣಿನಗರಕ್ಕೆ. ಬದಲಿಸುವಲ್ಲಿ ನೆಲದಡಿಯಿಂದ ಮೇಲ್ಸೇತುವೆಯವರೆಗೆ ಏರಬೇಕು, ಹಿರಿಯರಿದ್ದರೆ ಲಿಫ್ಟ್ ಹಿಡಿಯಿರಿ. ಆಗಾಖಾನ್ ಅರಮನೆಯಲ್ಲಿ ಗಾಂಧೀಜಿ 1942ರ ಆಗಸ್ಟ್‌ನಿಂದ 1944ರ ಮೇ ವರೆಗೆ ಬಂಧನದಲ್ಲಿದ್ದರು. ಕೋಣೆಗಳನ್ನು ನೋಡಿ ಅಲ್ಲಿಂದಲೇ ಹಿಂತಿರುಗುವವರು ಬಹಳ. ತೋಟದಲ್ಲಿ ಮುಂದಕ್ಕೆ ನಡೆದು ಕಸ್ತೂರಬಾ ಮತ್ತು ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಸಮಾಧಿಗಳ ಬಳಿ ಹೋಗಿ. ಇಬ್ಬರೂ ಪ್ರಾಣ ಬಿಟ್ಟದ್ದು ಇದೇ ಸೆರೆಯಲ್ಲಿ.