ಜೆಲ್ ಹಚ್ಚಿ ಬಿಸಿನೀರು ಹುಯ್ಕೊಳ್ಳೋರಿಗೆ

ಚಿಕ್ಕಮಗಳೂರಿನ ಮೆಡಿಕಲ್ ಶಾಪಿನಲ್ಲಿ ಕೆಲಸ ನನ್ನದು. ಕಾಫಿ ಕುಯ್ಲು ಶುರುವಾಗಿದ್ದು ನಮಗೆ ತೋಟ ನೋಡದೆಯೇ ಗೊತ್ತಾಗುತ್ತದೆ. ಸೊಂಟ, ಮಂಡಿ, ಭುಜ ಅಂತ ಬಂದವರೆಲ್ಲ ನೋವಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಕೇಳುತ್ತಾರೆ.

ನಮ್ಮ ಕಡೆ ಇದನ್ನೂ ಎಣ್ಣೆ ಥರ ನೋಡುತ್ತಾರೆ. ಚೆನ್ನಾಗಿ ತಿಕ್ಕಿ, ಆಮೇಲೆ ಹಂಡೆಯ ಬಿಸಿನೀರು ಹುಯ್ಕೊಳ್ಳೋದು. ಆದರೆ ಹಚ್ಚಿದ ಔಷಧದಲ್ಲಿ ಮೈಯೊಳಗೆ ಇಳಿಯುವುದು ಸುಮಾರು ಶೇ. 6 ಮಾತ್ರ. ಮಿಕ್ಕಿದ್ದು ಚರ್ಮದ ಮೇಲೆ, ಕೈಗೆ, ಬಟ್ಟೆಗೆ. ತಕ್ಷಣ ಸ್ನಾನ ಮಾಡಿದರೆ ಬಚ್ಚಲಿಂದ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ. ಯಗಚಿ ನದಿಗೆ ಸೇರಿದ್ದು ಬೇಲೂರಿನ ಅಣೆಕಟ್ಟೆಗೆ ಹೋಗುತ್ತದೆ, ಆ ನೀರನ್ನೇ ಪೈಪಿನಲ್ಲಿ ವಾಪಸ್ ತಂದು ನಮ್ಮೂರಿಗೆ ಕೊಡುತ್ತಾರೆ. ಕೊಳಚೆ ನೀರು ಶುದ್ಧೀಕರಿಸುವ ಘಟಕಗಳನ್ನು ಕಟ್ಟಿರುವುದು ಹೊಲಸು ತೆಗೆಯಲು. ಡೈಕ್ಲೋಫಿನಾಕ್ ಒಂದಷ್ಟು ಹಾಗೇ ದಾಟಿ ಬರುತ್ತದೆ. ಮೀನಿನ ಕಿಡ್ನಿಗೆ, ಕಿವಿರಿಗೆ ಇದರಿಂದ ಪೆಟ್ಟು ಬೀಳುವುದು ಪ್ರಯೋಗಗಳಲ್ಲಿ ಕಂಡಿದೆ. ಇದೇ ಔಷಧ ಕೊಟ್ಟಿದ್ದ ದನಗಳ ಹೆಣ ತಿಂದು ರಣಹದ್ದುಗಳು ಸತ್ತವು, 2006ರಲ್ಲಿ ಪಶುಗಳಿಗೆ ಕೊಡುವುದು ನಿಷೇಧವಾಯಿತು.

ಹಾಗಾಗಿ ಟ್ಯೂಬ್ ಕೊಡುವಾಗ ಈಗ ಹೇಳುತ್ತೇನೆ: "ಮೊದ್ಲು ಸ್ನಾನ, ಆಮೇಲೆ ಜೆಲ್. ಹಚ್ಚಿದ ಕೈನ ಪೇಪರ್‌ನಲ್ಲಿ ಒರೆಸಿ, ಆ ಪೇಪರ್ ಕಸಕ್ಕೆ ಹಾಕಿ, ಆಮೇಲೆ ತೊಳ್ಕೊಳ್ಳಿ ಅಕ್ಕಾ." ನದಿ, ಮೀನು ಅಂದರೆ ತಲೆಯಾಡಿಸಿ ಹೋಗುತ್ತಾರೆ. "ತೊಳೆದುಬಿಟ್ರೆ ನೋವು ಹೋಗಲ್ಲ, ದುಡ್ಡು ದಂಡ" ಅಂದರೆ ಮಾತ್ರ ನಿಂತು ಕೇಳುತ್ತಾರೆ. ಅದೂ ನಿಜವೇ ಅಲ್ವಾ!

ನುಂಗುವ ಮಾತ್ರೆಯ ಕಥೆ ಬೇರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹೆಚ್ಚುಕಮ್ಮಿ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತದೆ. 2022ರಲ್ಲಿ ಪ್ರಕಟವಾದ, 104 ದೇಶಗಳ 258 ನದಿಗಳ ಅಧ್ಯಯನದಲ್ಲಿ ಅತಿ ಹೆಚ್ಚು ಕಡೆ ಸಿಕ್ಕ ಔಷಧಗಳಲ್ಲಿ ಅದೂ ಒಂದು. ಹಾಗಂತ ಯಾರಿಗೂ ಸಕ್ಕರೆ ಮಾತ್ರೆ ಬಿಡಿ ಅನ್ನೋಕಾಗಲ್ಲ, ಬಿಡಲೂಬಾರದು. ನೆಗಡಿಗೆ ಚೀಟಿ ಇಲ್ಲದೆ "ಎರಡು ಆಂಟಿಬಯೋಟಿಕ್ ಕೊಡಿ" ಅನ್ನುವವರಿಗೆ ಮಾತ್ರ ಇಲ್ಲ ಅನ್ನಬಹುದು. ಅನ್ನುತ್ತೇನೆ. ಪಕ್ಕದ ಅಂಗಡಿಯಲ್ಲಿ ಸಿಗುತ್ತೆ ಅಂತ ಸಿಟ್ಟು ಮಾಡಿಕೊಂಡು ಹೋಗುತ್ತಾರೆ, ಹೋಗಲಿ.

ಇನ್ನು ಮನೆಯಲ್ಲಿ ಉಳಿದ ಸಿರಪ್ಪು, ಕತ್ತರಿಸಿದ ಸ್ಟ್ರಿಪ್ಪು. ಅಂಗಡಿಯ ಎಕ್ಸ್‌ಪೈರಿ ಮಾಲು ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಹೋಗುತ್ತದೆ, ನಿಮ್ಮನೆಯದು ಹೋಗಲ್ಲ. ಸಿಂಕಿಗೆ ಸುರಿಯಬೇಡಿ. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟಕ್ಕೆ ಕಲಸಿ, ಕವರಿನಲ್ಲಿ ಗಂಟು ಕಟ್ಟಿ ಕಸದ ಗಾಡಿಗೆ ಕೊಡಿ. ಚರಟಕ್ಕಂತೂ ನಮ್ಮೂರಲ್ಲಿ ಬರವಿಲ್ಲ.