ತಿಂದು ಬಂದು ಹೇಳುವುದು

ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ. ಎಂಬತ್ತೆರಡು ವರ್ಷದ ಅಣ್ಣ ಕಳೆದ ಶ್ರಾವಣದಲ್ಲಿ ಬಚ್ಚಲಮನೆಯ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ, ಬೆಂಗಳೂರಿನ ಎನ್.ಆರ್. ಕಾಲೊನಿಯ ನಮ್ಮ ಹಳೆಯ ಮನೆಯ ನಡುಮನೆಯಿಂದ ವರಾಂಡದವರೆಗೆ ವಾಕರ್ ಹಿಡಿದು ನಡೆಯುವುದಷ್ಟೇ ಅವರ ದಿನದ ಓಡಾಟವಾಗಿದೆ. ಕಾರ್ತಿಕದಲ್ಲಿ ನಾನು ಹತ್ತು ದಿನ ರಜೆ ಹಾಕಿ ಪುಣೆಯಿಂದ ಬಂದಿದ್ದೆ. ಒಂದು ಬುಧವಾರ ರಾತ್ರಿ ಊಟವಾದ ಮೇಲೆ, ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದಿದ್ದ ಪಟ್ಟಿಯೊಂದನ್ನು ನನ್ನ ಕೈಗಿತ್ತು, "ನಾಳೆ ಗುರುವಾರ. ನಾಳೆಯೇ ಹೋಗಿ ಬಂದುಬಿಡಮ್ಮ" ಎಂದರು.

ಗುರುವಾರವೇ ಏಕೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಅಣ್ಣನ ವಾರವು ತಿಂಡಿ ಹೋಟೆಲುಗಳ ರಜೆಯ ಮೇಲೆ ನಿಂತಿತ್ತು. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಇಲ್ಲ, ಶುಕ್ರವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇಲ್ಲ, ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಲ್ಲ, ಶನಿವಾರ ಎಲ್ಲವೂ ಇದ್ದರೂ ಜನಜಂಗುಳಿಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಚಿಕ್ಕವಳಿದ್ದಾಗ ಮನೆಗೆ ನೆಂಟರು ಬರುವ ಕಾಗದ ತಲುಪಿದರೆ, ಅವರು ಬರುವ ದಿನ ಯಾವ ವಾರವೆಂದು ನೋಡಿಕೊಂಡು ಅಣ್ಣ ತಿಂಡಿಯನ್ನು ನಿಶ್ಚಯಿಸುತ್ತಿದ್ದರು. ಎ.ಜಿ. (ಅಕೌಂಟೆಂಟ್ ಜನರಲ್) ಕಚೇರಿಯಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದ ಮನುಷ್ಯನಿಗೆ ಇದೂ ಒಂದು ಲೆಕ್ಕವೇ ಆಗಿತ್ತು, ಮತ್ತು ಇದರಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿಲ್ಲ.

ಪಟ್ಟಿಯಲ್ಲಿ ಪ್ರತಿಯೊಂದು ಸಾಲಿನ ಎದುರಿಗೂ ಗಂಟೆ ಬರೆದಿತ್ತು. ಮೊದಲ ಸಾಲು ಹೀಗಿತ್ತು: "ಬೆಳಿಗ್ಗೆ 7. ವಿದ್ಯಾರ್ಥಿ ಭವನ. ಮಸಾಲೆ ದೋಸೆ ಒಂದು, ಕಾಫಿ ಒಂದು. ತಿಂದು ಬಂದು ಹೇಳುವುದು." ದೋಸೆಯನ್ನು ಕಟ್ಟಿಸಿಕೊಂಡು ಮನೆಗೆ ತರುವುದನ್ನು ಅಣ್ಣ ಎಂದೂ ಒಪ್ಪಿದವರಲ್ಲ. ಕಾವಲಿಯಿಂದ ಎದ್ದ ದೋಸೆ ತಟ್ಟೆಗೆ ಬಿದ್ದ ಮೇಲೆ ಅದರ ಆಯುಸ್ಸು ಕೆಲವೇ ನಿಮಿಷ, ಪೊಟ್ಟಣದೊಳಗೆ ತನ್ನದೇ ಹಬೆಗೆ ಮೆತ್ತಗಾದುದನ್ನು ದೋಸೆ ಎಂದು ಕರೆಯಬಾರದು ಎಂಬುದು ಅವರ ನಿಲುವು. ಹೋಗಲು ತಮಗೆ ಆಗುವುದಿಲ್ಲ, ತರಿಸಿಕೊಳ್ಳಲು ಮನಸ್ಸಿಲ್ಲ. ಹಾಗಾಗಿ ನಾನು ತಿಂದು ಬಂದು ಹೇಳಬೇಕಿತ್ತು. ಆ ಸಾಲನ್ನು ಓದಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾಯಿತು. ಅಣ್ಣ ಹುಟ್ಟಿದ್ದೂ ಅದೇ ವರ್ಷ. ಸುತ್ತಲಿನ ಶಾಲೆಗಳ ಹುಡುಗರು ಬಂದು ತಿನ್ನುತ್ತಿದ್ದ ಆ ಸಣ್ಣ ಹೋಟೆಲಿಗೆ, ಆಚಾರ್ಯ ಪಾಠಶಾಲೆಯಲ್ಲಿ ಓದುತ್ತಿದ್ದ ಅಣ್ಣ ಮೊದಲು ಹೋದದ್ದು ತಮ್ಮ ಚಿಕ್ಕಪ್ಪನ ಜೊತೆಗೆ. ಅಂದಿನಿಂದ ಅದನ್ನು ತಮ್ಮ ಓರಗೆಯವನೆಂಬಂತೆ ಕಾಣುತ್ತ ಬಂದಿದ್ದಾರೆ. ಗುರುವಾರ ಬೆಳಿಗ್ಗೆ ನಾನು ಹೋದಾಗ ಬಾಗಿಲಲ್ಲಿ ಆಗಲೇ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಒಳಗೆ ಕರೆದಾಗ, ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ಚಿತ್ರಗಳ ಕೆಳಗೆ, ಗುರುತಿಲ್ಲದ ಮೂವರ ಜೊತೆ ಒಂದೇ ಮೇಜಿಗೆ ಕೂತೆ. ಪಂಚೆಯುಟ್ಟವರೊಬ್ಬರು ಎಡಗೈಯ ಮೇಲೆ ತೋಳಿನವರೆಗೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದು, ಇಸ್ಪೀಟೆಲೆ ಹಂಚುವಂತೆ ಸರಸರನೆ ಇಟ್ಟು ಹೋದರು. ಹಿಂದೆಯೇ ಇನ್ನೊಬ್ಬರು ತೆಳ್ಳಗಿನ ಚಟ್ನಿಯನ್ನು ಸುರಿದರು. ಹೊರಗೆ ಕೆಂಪಗೆ ಗರಿಗರಿಯಾಗಿ, ಒಳಗೆ ಮೆತ್ತಗೆ, ಬೆರಳಿಗೆ ತುಪ್ಪ ಹತ್ತುವ ಅದೇ ದಪ್ಪ ದೋಸೆ. ಅಣ್ಣನಿಗೆ ವರದಿ ಒಪ್ಪಿಸಬೇಕೆಂಬ ಎಚ್ಚರದಲ್ಲಿ ನಾನು ಅಷ್ಟು ಗಮನವಿಟ್ಟು ಜೀವಮಾನದಲ್ಲಿ ಎಂದೂ ದೋಸೆ ತಿಂದಿರಲಿಲ್ಲ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದು, "ಎಲ್ಲಿಂದ ಬಂದಿದ್ದೀರಮ್ಮ?" ಎಂದು ಕೇಳಿದರು. "ಪುಣೆಯಿಂದ" ಎಂದೆ.

ಅಲ್ಲಿಂದಾಚೆಗೆ ನಾನು ತಪ್ಪು ಮಾಡಿದೆ. ಆಟೋ ಹಿಡಿದು ಉಳಿದೆಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ ಒಂಬತ್ತು ಗಂಟೆಗೆ ಮನೆ ಸೇರುವ ಆತುರದಲ್ಲಿ, ಪಟ್ಟಿಯಲ್ಲಿದ್ದ ಗಂಟೆಗಳನ್ನು ವಯಸ್ಸಾದವರ ಹಟವೆಂದು ಬದಿಗಿಟ್ಟೆ. ಕಾಫಿಪುಡಿಯ ಅಂಗಡಿಗೆ ಹೋದರೆ ಅರ್ಧ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದರು. ಹಪ್ಪಳ ಮಾರುವ ಸುಬ್ಬಮ್ಮನವರ ಅಂಗಡಿ ಇನ್ನೂ ತೆರೆದಿರಲಿಲ್ಲ. ಹೂವಿನವರು ಮಾತ್ರ ಸೇವಂತಿಗೆಯ ಕುಕ್ಕೆಗಳನ್ನು ಬಿಚ್ಚುತ್ತ ಕುಳಿತಿದ್ದರು. ಶಂಕರಪುರಕ್ಕೆ ಹೋಗಿ, ಪಟ್ಟಿಯ ಎರಡನೆಯ ಸಾಲಿನಂತೆ ನಾಲ್ಕು ಇಡ್ಲಿ, ಒಂದು ವಡೆ ಕಟ್ಟಿಸಿಕೊಂಡು ಮನೆಗೆ ಮರಳಿದೆ. ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ; ಅಷ್ಟೇ. ಸಾಂಬಾರ್ ಇಲ್ಲ. ತಟ್ಟೆ ಹಿಡಿದು ಬೀದಿಯಲ್ಲಿ ನಿಂತು ತಿನ್ನುವವರು ಮತ್ತೆ ಮತ್ತೆ ಹೋಗಿ ಚಟ್ನಿ ಹಾಕಿಸಿಕೊಳ್ಳುತ್ತಾರೆ. ಇಡ್ಲಿಯನ್ನು ಮನೆಗೆ ತರಬಹುದೆಂದು ಅಣ್ಣ ಒಪ್ಪುತ್ತಾರೆ, ಏಕೆಂದರೆ ಅದು ಹಬೆಯಲ್ಲೇ ಹುಟ್ಟಿದ್ದು.

ಇಡ್ಲಿಯನ್ನು ಅವರು ನಿಧಾನವಾಗಿ ತಿಂದರು. ನಾನು ದೋಸೆಯ ಸುದ್ದಿ ತೆಗೆದಾಗ ಕೈ ಅಡ್ಡ ಮಾಡಿ, "ಈಗ ಬೇಡ. ಸಂಜೆ, ಎಲ್ಲಾ ಮುಗಿಸಿಕೊಂಡು ಬಂದಮೇಲೆ" ಎಂದರು.

ಹತ್ತೂವರೆಗೆ ಮತ್ತೆ ಹೊರಟೆ. ಈ ಸಲ ಪಟ್ಟಿ ಹೇಳಿದಂತೆಯೇ ನಡೆದೆ. ಕಾಫಿ ಬೀಜ ಪೀಬೆರಿ ಮತ್ತು ಪ್ಲಾಂಟೇಷನ್ ಎ ಸಮಸಮ, ಚಿಕೋರಿ ನೂರಕ್ಕೆ 15 ಪಾಲು, ಕಣ್ಣೆದುರೇ ಪುಡಿ ಮಾಡಿಸುವುದು, ಪೊಟ್ಟಣ ಬಿಸಿಯಾಗಿರುವಾಗ ಚೀಲದಲ್ಲಿ ಹಪ್ಪಳದ ಜೊತೆ ಇಡದಿರುವುದು. ಸುಬ್ಬಮ್ಮನವರ ಅಂಗಡಿಯಿಂದ ಉದ್ದಿನ ಹಪ್ಪಳ ಮತ್ತು ಕೋಡುಬಳೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ಹಪ್ಪಳ ಒತ್ತಿ ಮಾರುತ್ತ 1948ರಲ್ಲಿ ಗಾಂಧಿ ಬಜಾರಿನಲ್ಲಿ ನಿಲ್ಲಿಸಿದ ಅಂಗಡಿಯದು. ನಮ್ಮ ಅಜ್ಜಿ ಅವರ ಹೆಸರನ್ನು ಗೌರವದಿಂದ ಹೇಳುತ್ತಿದ್ದರು. ಅಜ್ಜಿಯೂ ಹಾಗೆಯೇ ಒಂಟಿಯಾಗಿ ಮಕ್ಕಳನ್ನು ಸಾಕಿದವರು. ಉದ್ದಿನ ಹಪ್ಪಳವನ್ನು ಮನೆಯಲ್ಲಿ ಈಗ ತಿನ್ನುವವರು ಯಾರೂ ಇಲ್ಲ, ಅಣ್ಣನಿಗೆ ಹಲ್ಲಿಲ್ಲ. ಆದರೂ ಆ ಸಾಲು ಪಟ್ಟಿಯಲ್ಲಿತ್ತು, ನಾನೂ ತಂದೆ.

ಸಜ್ಜನ್ ರಾವ್ ವೃತ್ತದ ವಿ.ಬಿ. ಬೇಕರಿಗೆ ಅಣ್ಣ ಸದಾ ನಡೆದೇ ಹೋಗುತ್ತಿದ್ದರು. 2017ರಲ್ಲಿ ಕೆ.ಆರ್. ರಸ್ತೆಯ ಮೇಲೆ ನ್ಯಾಷನಲ್ ಕಾಲೇಜಿನ ಮೆಟ್ರೊ ನಿಲ್ದಾಣ ತೆರೆದ ಮೇಲೂ ಅದರ ಕಂಬಗಳ ನೆರಳಿನಲ್ಲಿ ನಡೆದರೇ ಹೊರತು ಮೇಲೆ ಹತ್ತಲಿಲ್ಲ. ಅವರ ದಾರಿಯಲ್ಲೇ ನಾನೂ ನಡೆದೆ. ಬೆಂಗಳೂರಿನ ಬೇಕರಿಗಳೆಂದರೆ ಹಾಸನದ ಕಡೆಯ ಅಯ್ಯಂಗಾರರು ಕಟ್ಟಿದ ಪರಂಪರೆ. ಚಿಕ್ಕಪೇಟೆಯಲ್ಲಿ 1898ರಲ್ಲಿ ಅವರ ಮೊದಲ ಬೇಕರಿ ತೆರೆಯಿತು. ಮೊಟ್ಟೆ ಹಾಕದ ಬ್ರೆಡ್ಡು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್‌ಗಳಿಂದಾಗಿ, ಹೊರಗಿನ ತಿಂಡಿ ಮುಟ್ಟದ ಮಡಿವಂತರ ಮನೆಗಳಿಗೂ ಬೇಕರಿಯ ಪೊಟ್ಟಣ ಹೊಕ್ಕಿತು. ನಮ್ಮ ಅಜ್ಜಿ ಬ್ರೆಡ್ಡನ್ನು ಜ್ವರದವರ ಆಹಾರವೆಂದು ಒಪ್ಪಿಕೊಂಡದ್ದು ಹೀಗೆಯೇ. 1953ರಿಂದ ನಡೆಯುತ್ತಿರುವ ವಿ.ಬಿ. ಬೇಕರಿಯಲ್ಲಿ ಅಣ್ಣನಿಗೆ ಬೇಕಾದದ್ದು ಒಂದೇ, ಕಾಂಗ್ರೆಸ್ ಕಡಲೆಕಾಯಿ. ಸಿಪ್ಪೆ ತೆಗೆದು ಎರಡು ಹೋಳಾಗಿಸಿದ ಹುರಿದ ಬೀಜಕ್ಕೆ ಖಾರ, ಮೆಣಸು, ಇಂಗು, ಕರಿಬೇವು ಹತ್ತಿರುತ್ತದೆ. ಅಗಿಯಲಾಗದ ಅದನ್ನು ಅವರು ಈಗ ಕುಟ್ಟಿಸಿಕೊಂಡು ಮೊಸರನ್ನದ ಮೇಲೆ ಉದುರಿಸಿಕೊಳ್ಳುತ್ತಾರೆ.

ಕೊನೆಯ ಸಾಲು ನಮ್ಮ ಬೀದಿಯ ಕೊನೆಯಲ್ಲಿರುವ ಸಣ್ಣ ಬೇಕರಿಯ ಖಾರ ಬನ್ನು. "ಸಂಜೆ 4.30. ಮೊದಲೇ ಹೋಗಬಾರದು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಹೋದೆ. ತಟ್ಟೆ ಒಲೆಯಿಂದ ಆಗತಾನೆ ಹೊರಬಂದಿತ್ತು; ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪಿನ ವಾಸನೆ ಬೀದಿಗೆಲ್ಲ ಹರಡಿತ್ತು. ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣವನ್ನು ಕೈ ಬದಲಿಸುತ್ತ ಮನೆಗೆ ತಂದಾಗಲೂ ಅದು ಸುಡುತ್ತಿತ್ತು.

ಅಣ್ಣ ವರಾಂಡದ ಕುರ್ಚಿಯಲ್ಲಿ ಕಾಯುತ್ತಿದ್ದರು. ಬನ್ನನ್ನು ಎರಡಾಗಿ ಮುರಿದು, ಮೇಲಿನ ಭಾಗವನ್ನು ನನಗೆ ಕೊಟ್ಟು, ಮೆತ್ತಗಿನದನ್ನು ಕಾಫಿಯ ಜೊತೆ ತಾವಿಟ್ಟುಕೊಂಡು, "ಈಗ ಹೇಳು" ಎಂದು ಕಣ್ಣು ಮುಚ್ಚಿದರು. ಹೇಳತೊಡಗಿದೆ. ಎಷ್ಟು ಹೊತ್ತು ಕಾದೆ, ಯಾವ ಮೂಲೆಯ ಮೇಜು, ತಂದವರ ಕೈಯಲ್ಲಿ ಎಷ್ಟು ತಟ್ಟೆಗಳಿದ್ದವು, ಚಟ್ನಿಯನ್ನು ಕೇಳಿ ಹಾಕಿದರೋ ಕೇಳದೆಯೋ, ದೋಸೆಯ ಅಂಚಿನಿಂದ ಶುರುಮಾಡಿದೆಯೋ ನಡುವಿನಿಂದಲೋ ಎಂದು ಅವರು ಕೇಳುತ್ತ ಹೋದರು. ಎದುರಿಗಿದ್ದ ಹಿರಿಯರ ಮಾತನ್ನೂ ಹೇಳಿದೆ.

ಅಣ್ಣ ಕಣ್ಣು ತೆರೆದರು. "ಎನ್.ಆರ್. ಕಾಲೊನಿ ಅನ್ನಬೇಕಿತ್ತು. ಯಾರ ಮಗಳು ಅಂತ ಕೇಳಿರೋರು."

ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಕ್ಯಾಲೆಂಡರ್ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು, ಇಡ್ಲಿಯಿಂದ ಖಾರ ಬನ್ನಿನವರೆಗೆ ಒಂದೊಂದೇ ಸಾಲನ್ನು ಹೊಡೆದುಹಾಕಿದರು. ಮೊದಲನೆಯ ಸಾಲನ್ನು ಮಾತ್ರ ಹಾಗೆಯೇ ಬಿಟ್ಟು, "ನಾಳೆ ಶುಕ್ರವಾರ, ಶನಿವಾರ ಜನ ಜಾಸ್ತಿ" ಎಂದು ತಮಗೆ ತಾವೇ ಲೆಕ್ಕ ಹಾಕಿ, ಅದರ ಪಕ್ಕದಲ್ಲಿ ಮಂಗಳವಾರ ಎಂದು ಬರೆದರು.